ಎಂತ ಕೊಯ್ಯುದು ಎಂದು ಕೇಳುತ್ತಿದ್ದವರು

ಅವರ ಬಲಗೈಯ ತುಂಬ ಕಪ್ಪು ಕೂದಲಿತ್ತು. ಎಡ ಮುಂಗೈ ಮಾತ್ರ ಸಣ್ಣ ಮಕ್ಕಳ ಕೈಯಂತೆ ನುಣ್ಣಗೆ ಹೊಳೆಯುತ್ತಿತ್ತು. ಮಸೆದ ಚೂರಿಯ ಹರಿತವನ್ನು ಅವರು ನೋಡುತ್ತಿದ್ದುದು ಆ ಕೈಯ ಮೇಲೆ. ಅಲಗನ್ನು ಚರ್ಮಕ್ಕೆ ತಾಗಿಯೂ ತಾಗದ ಹಾಗೆ ಒಮ್ಮೆ ಎಳೆಯುವುದು, ಮೊನ್ನೆಯಷ್ಟೇ ಚಿಗುರಿದ ನಾಲ್ಕು ಕೂದಲು ಉದುರಿದರೆ ಊದಿ ಹಾರಿಸುವುದು, ಉದುರದಿದ್ದರೆ ಏನೂ ಹೇಳದೆ ಚೂರಿಯನ್ನು ಮತ್ತೆ ಕಲ್ಲಿಗೆ ಹಿಡಿಯುವುದು. ಮೊದಲ ಸಲ ನೋಡಿದಾಗ ನನಗೆ ಏಳೆಂಟು ವರ್ಷ. ಅಪ್ಪ ಹೊಸ ಅಡಕತ್ತರಿ ಕೊಳ್ಳಲು ಪುತ್ತೂರಿಗೆ ಹೋದಾಗ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಒಬ್ಬ ಮನುಷ್ಯನಿಗೆ ಎರಡು ಬಗೆಯ ಕೈ ಇರುವುದನ್ನು ನಾನು ಬಾಯಿ ತೆರೆದು ನೋಡುತ್ತಿದ್ದೆ. ಅವರು ನಕ್ಕು, "ಇದು ದೇವರು ಕೊಟ್ಟ ಕೈ, ಇದು ಅಂಗಡಿಯ ಕೈ" ಎಂದು ಎರಡನ್ನೂ ತೋರಿಸಿದ್ದರು.

ಪೇಟೆಯವರೆಲ್ಲ ಅವರನ್ನು ಚೂರಿ ಅಂಗಡಿಯವರು ಎನ್ನುತ್ತಿದ್ದರು. ಅಪ್ಪನ ಸ್ನೇಹಿತರಾದ್ದರಿಂದ ನನಗೆ ಅವರು ಮಾವ, ಅವರ ಹೆಂಡತಿ ಅತ್ತೆ. ಅಂಗಡಿ ಎಂದರೆ ಮನೆಯ ಎದುರಿನ ಒಂದು ಕೋಣೆ. ಅಲ್ಲಿ ಕತ್ತರಿ, ಬೀಗ, ಅಡಕತ್ತರಿ, ಸೊಪ್ಪು ಕೊಯ್ಯುವ ಕತ್ತಿ, ಕೊಡಲಿ ಎಲ್ಲ ಇದ್ದವು. ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಪೀಶಕತ್ತಿಯೆಂಬ ಸಣ್ಣ ಚೂರಿಗಳನ್ನು ಮಾತ್ರ ಒಂದು ಗಾಜಿನ ಪೆಟ್ಟಿಗೆಯಲ್ಲಿ, ಕೆಂಪು ಬಟ್ಟೆಯ ಮೇಲೆ, ಒಂದಕ್ಕೊಂದು ತಾಗದಂತೆ ಇಡುತ್ತಿದ್ದರು. ವಾರಕ್ಕೊಮ್ಮೆ ಎಲ್ಲವನ್ನೂ ಹೊರಗೆ ತೆಗೆದು ತೆಂಗಿನೆಣ್ಣೆ ಸವರುತ್ತಿದ್ದರು. ಅಂಗಡಿಗೆ ಹೋದವರ ಮೂಗಿಗೆ ಮೊದಲು ಬಡಿಯುತ್ತಿದ್ದುದು ಆ ಎಣ್ಣೆಯ ವಾಸನೆ, ಆಮೇಲೆ ಒದ್ದೆ ಮಸೆಕಲ್ಲಿನ ವಾಸನೆ.

ಅವರಲ್ಲಿ ಚೂರಿ ಕೊಳ್ಳುವುದು ಸುಲಭವಾಗಿರಲಿಲ್ಲ. ಪೆಟ್ಟಿಗೆಯ ಕಡೆ ಬೆರಳು ತೋರಿಸಿದವರಿಗೆಲ್ಲ ಅವರು ಮೂರು ಪ್ರಶ್ನೆ ಕೇಳುತ್ತಿದ್ದರು. "ಎಂತ ಕೊಯ್ಯುದು? ಎಲ್ಲಿ ಇಡುದು? ಯಾರಾದ್ರೂ ಕೇಳಿದರೆ ಎಂತ ಹೇಳುದು?" ಮೂರಕ್ಕೂ ಸರಿಯಾದ ಉತ್ತರ ಸಿಕ್ಕಿದರೆ ಅವರೇ ಒಂದನ್ನು ಆರಿಸಿ ಕೊಡುತ್ತಿದ್ದರು. ಬಾಳೆ ಎಲೆ ಕೊಯ್ಯುವವನಿಗೆ ತೆಳು ಅಲಗಿನದ್ದು, ಬೈಹುಲ್ಲಿನ ಕಟ್ಟು ಬಿಡಿಸುವವನಿಗೆ ಮೂತಿ ಮೊಂಡಾದದ್ದು, ಸುಮ್ಮನೆ ವೀಳ್ಯದೆಲೆಯ ತೊಟ್ಟು ಮುರಿಯುವ ಅಜ್ಜಂದಿರಿಗೆ ಬೆರಳುದ್ದದ್ದು. ಗಿರಾಕಿಯ ಅಂಗೈ ಬಿಡಿಸಿ ನೋಡಿಯೇ ಹಿಡಿ ಎಷ್ಟು ದಪ್ಪ ಬೇಕೆಂದು ಹೇಳುತ್ತಿದ್ದರು. ಉತ್ತರ ಸರಿ ಬರದಿದ್ದರೆ, "ಇವತ್ತು ನಿಮಗೆ ಆಗುವಂಥದ್ದು ಇಲ್ಲ, ಇನ್ನೊಮ್ಮೆ ಬನ್ನಿ" ಎಂದು ಪೆಟ್ಟಿಗೆಯ ಮುಚ್ಚಳ ಹಾಕುತ್ತಿದ್ದರು.

ಒಮ್ಮೆ ನಾನಿರುವಾಗಲೇ ಮುಂಬಯಿಯ ಹೋಟೆಲಿನಿಂದ ರಜೆಯಲ್ಲಿ ಬಂದ ಯುವಕನೊಬ್ಬ, ಗುಂಡಿ ಒತ್ತಿದರೆ ಅಲಗು ಹಾರಿ ಬರುವ ಚೂರಿ ಬೇಕೆಂದ.

"ಎಂತ ಕೊಯ್ಯುದು?"

"ಹಣ್ಣು."

"ಯಾವ ಹಣ್ಣು ಮಾರಾಯ, ಅಷ್ಟು ಅವಸರದಲ್ಲಿ ಓಡಿಹೋಗುವಂಥದ್ದು?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಯುವಕನೂ ನಕ್ಕ. ಕೊನೆಗೆ ಅವನು ತಾಯಿಗೆಂದು ಒಂದು ಈಳಿಗೆಮಣೆ ತೆಗೆದುಕೊಂಡು ಹೋದ.

ಆಯುಧಗಳ ಹೊಸ ಕಾನೂನು ಜಾರಿಗೆ ಬಂದಾಗ ಮಾವ ಪಕ್ಕದ ಬೀದಿಯ ವಕೀಲರ ಗುಮಾಸ್ತರನ್ನು ಕರೆಸಿ, ಕಾಫಿ ಕೊಟ್ಟು, ನಿಯಮವನ್ನು ಎರಡು ಸಲ ಓದಿಸಿ ಕನ್ನಡದಲ್ಲಿ ಅರ್ಥ ಹೇಳಿಸಿಕೊಂಡರು. ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲ ಇರುವ ಅಲಗಿಗೆ ಲೈಸೆನ್ಸ್ ಬೇಕು. ಅಡುಗೆಯ, ತೋಟದ ಕೆಲಸದವಕ್ಕೆ ಬೇಡ. ಅವತ್ತೇ ಮೇಜಿನ ಅಂಚಿಗೆ ಒಂದು ಮರದ ಅಳತೆಪಟ್ಟಿ ತಂದಿಟ್ಟರು. ಆದರೆ ಪೆಟ್ಟಿಗೆಯ ಚೂರಿಗಳಲ್ಲಿ ಹೆಚ್ಚಿನವು ಒಂಬತ್ತು ಇಂಚಿನ ಅರ್ಧಕ್ಕೂ ಬರುತ್ತಿರಲಿಲ್ಲ. ಸುಳ್ಯದ ಕಡೆಯವರು ಕೆಲವರು ಬಂದು, ಘಟ್ಟದ ಮೇಲೆ ಕೊಡಗಿನಲ್ಲಿ ಸೊಂಟಕ್ಕೆ ಅಷ್ಟುದ್ದದ್ದು ಕಟ್ಟಿಕೊಂಡು ತಿರುಗುತ್ತಾರಲ್ಲ ಎಂದು ವಾದ ಮಾಡುತ್ತಿದ್ದರು. "ಅಲ್ಲಿಯವರಿಗೆ ವಿನಾಯಿತಿ ಉಂಟು, ಅವರ ಪದ್ಧತಿ ಅದು. ನಿಮಗೆ ಕಟ್ಟಿಕೊಳ್ಳಲಿಕ್ಕೆ ಬೇಕಾ, ಕೊಯ್ಯಲಿಕ್ಕೆ ಬೇಕಾ ಹೇಳಿ" ಎನ್ನುತ್ತಿದ್ದರು ಮಾವ.

ಇದೆಲ್ಲ ನನಗೆ ಆಗ ಒಬ್ಬ ಹಿರಿಯರ ತಮಾಷೆಯಾಗಿ ಮಾತ್ರ ಕಂಡಿತ್ತು.

ನನ್ನ ಮನೆಯವರು ಸುಳ್ಯದ ಹತ್ತಿರದ ತೋಟದವರು. ಹೈಸ್ಕೂಲು ಮುಗಿಸಿದ ಮೇಲೆ ನಾನು ಹಟ ಹಿಡಿದು ಮಂಗಳೂರಿಗೆ ಹೋಗಿ ಮಿಡ್‌ವೈಫ್ ತರಬೇತಿ ಪಡೆದೆ. ಹೆಣ್ಣುಮಗಳನ್ನು ಹೆರಿಗೆ ಮಾಡಿಸುವ ಕೆಲಸಕ್ಕೆ ಕಳುಹಿಸಿದ್ದಕ್ಕೆ ಅಪ್ಪ ನೆಂಟರಿಂದ ಬೇಕಾದಷ್ಟು ಮಾತು ಕೇಳಿದ್ದರು. ಕೊಯಿಲದಿಂದ ಆಚೆ, ಕಡಬದ ದಾರಿಯ ಒಂದು ಹಳ್ಳಿಯ ಹೆರಿಗೆ ಕೇಂದ್ರದಲ್ಲಿ ನನಗೆ ಕೆಲಸ ಸಿಕ್ಕಿತು. ಆಗ ನನಗೆ ಇಪ್ಪತ್ತಮೂರು. ಕೇಂದ್ರವೆಂದರೆ ಎರಡು ಕೋಣೆ, ಒಂದು ಮಂಚ. ನಿಜವಾದ ಕೆಲಸ ಇದ್ದದ್ದು ಹೊರಗೆ. ಒಂದು ಮನೆಯಿಂದ ಇನ್ನೊಂದು ಮನೆಗೆ ಮೈಲಿಗಟ್ಟಲೆ ನಡಿಗೆ. ಭುಜಕ್ಕೆ ಚೀಲ, ಕೈಯಲ್ಲಿ ಕೊಡೆ.

ಎರಡನೆಯ ವರ್ಷ ಆ ಕಡೆ ಮರ ಕಡಿಯುವ ಕೂಪು ಶುರುವಾಯಿತು. ಕೂಪಿನ ಮೇಸ್ತ್ರಿ ಘಟ್ಟದ ಆಚೆಯಿಂದಲೋ ಎಲ್ಲಿಂದಲೋ ಬಂದವನು. ನಾನು ದಿನವೂ ದಾಟುವ ತೋಡಿಗೆ ಮೂರು ಅಡಕೆಮರ ಹಾಕಿ ಮಾಡಿದ ಸಂಕ ಒಂದಿತ್ತು, ಒಬ್ಬರು ನಡೆಯುವಷ್ಟು ಅಗಲದ ಸೇತುವೆ. ಮಧ್ಯಾಹ್ನ ನಾನು ಹಿಂದೆ ಬರುವ ಹೊತ್ತಿಗೆ ಅವನು ಅದರ ಆಚೆ ತುದಿಯಲ್ಲಿ ನಿಂತಿರುತ್ತಿದ್ದ. ಮೊದಮೊದಲು ದಾರಿ ಬಿಡುತ್ತಿದ್ದ. ಆಮೇಲೆ ತಡಮಾಡಿ ಬಿಡತೊಡಗಿದ. ಆಮೇಲೆ ಮಾತು. ಒಂದು ದಿನ ಸಂಕದ ನಡುವೆಯೇ ಎದುರು ಬಂದು ನನ್ನ ಕೊಡೆಯನ್ನು ಹಿಡಿದುಕೊಂಡ. ನಾನು ಕೊಡೆಯನ್ನು ಬಿಟ್ಟು ಬಂದ ದಾರಿಯಲ್ಲೇ ಓಡಿದೆ. ಮರುದಿನ ಆ ಕೊಡೆ ಕೇಂದ್ರದ ಬಾಗಿಲಿಗೆ ಒರಗಿಸಿಟ್ಟಿತ್ತು. ಅದನ್ನು ನೋಡಿದಾಗ ನನಗಾದ ಹೆದರಿಕೆ ಸಂಕದ ಮೇಲೂ ಆಗಿರಲಿಲ್ಲ. ನಾನು ಎಲ್ಲಿ ಮಲಗುತ್ತೇನೆಂದು ಅವನಿಗೆ ಗೊತ್ತು ಎಂದು ಅದು ಹೇಳುತ್ತಿತ್ತು.

ಮನೆಗೆ ಬರೆದರೆ ಅಣ್ಣ ಮರುದಿನವೇ ಬಂದು ಕರೆದುಕೊಂಡು ಹೋಗುತ್ತಾನೆ, ಮತ್ತೆ ಕಳುಹಿಸುವುದಿಲ್ಲ. ಮೇಲಿನವರಿಗೆ ಹೇಳಿದರೆ, ಹೆಣ್ಣಿಗೆ ಆ ಜಾಗ ಕಷ್ಟ ಎಂದು ಬರೆದು ಕೇಂದ್ರವನ್ನೇ ಮುಚ್ಚಬಹುದು. ಹೀಗೆ ಯೋಚಿಸಿ ಯೋಚಿಸಿ, ತಿಂಗಳ ವರದಿ ಕೊಡಲು ಪುತ್ತೂರಿಗೆ ಹೋದ ದಿನ ನೇರವಾಗಿ ಮಾವನ ಅಂಗಡಿಗೆ ಹೋದೆ.

"ಮಾವ, ನನಗೊಂದು ಮಡಚುವ ಚೂರಿ ಬೇಕು. ದೊಡ್ಡದು" ಎಂದು ಪೆಟ್ಟಿಗೆಯ ಮೂಲೆಯಲ್ಲಿದ್ದ ಒಂದನ್ನು ತೋರಿಸಿದೆ. ಏಳು ಇಂಚಿನ ಅಲಗು, ಕೊಂಬಿನ ಹಿಡಿ. ಕೋಣದ ಚರ್ಮ ಸುಲಿಯುವವರಿಗೆಂದು ಇಟ್ಟದ್ದು.

"ಎಂತ ಕೊಯ್ಯುದು?"

"ಬೊಂಡ" ಎಂದೆ, ಎಳನೀರು ಕೆತ್ತಲು ಬೇಕೆಂಬಂತೆ.

"ಬೊಂಡ ಕೆತ್ತಲಿಕ್ಕೆ ಕತ್ತಿ ಬೇಕು, ಮಗಳೇ. ಇದರಲ್ಲಿ ಆಗುದಿಲ್ಲ. ನಿನಗೆ ಗೊತ್ತಿಲ್ಲದ್ದಾ?"

ಅವರು ಎರಡನೆಯ ಪ್ರಶ್ನೆ ಕೇಳಲಿಲ್ಲ. ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಒಳಗೆ ತಿರುಗಿ, "ಇಲ್ಲಿ ಬಾ ಒಮ್ಮೆ" ಎಂದು ಅತ್ತೆಯನ್ನು ಕರೆದರು. ಅತ್ತೆ ನನ್ನನ್ನು ಒಳಗೆ ಕರೆದು ಕೂರಿಸಿದರು. ಕೊಟ್ಟ ಕಾಫಿ ಆರಿದ ಮೇಲೆ ಎಲ್ಲ ಹೇಳಿದೆ. ಮಾವ ಬಾಗಿಲ ದಾರಂದಕ್ಕೆ ಒರಗಿ ನಿಂತು, ಕೈ ಒರಸುವ ಬಟ್ಟೆಯನ್ನು ಹಿಡಿದುಕೊಂಡೇ ಕೇಳಿದರು.

ನಾನು ಮುಗಿಸಿದ ಮೇಲೆ ಅಂಗಡಿಗೆ ಹೋಗಿ ಆ ಏಳು ಇಂಚಿನ ಚೂರಿಯನ್ನೇ ತಂದು ನನ್ನ ಚೀಲದೊಳಗೆ ಹಾಕಿದರು. ಚೀಲವನ್ನು ನನ್ನ ಭುಜಕ್ಕೆ ತೂಗಿದರು, ಕೈಗೆ ಕೊಡೆ ಕೊಟ್ಟರು. "ನಾನು ಅವ ಅಂತ ತಿಳಿಕೊ. ತೆಗೆ" ಎಂದರು.

ನಾನು ಕೊಡೆಯನ್ನು ಕಂಕುಳಲ್ಲಿ ಇಟ್ಟುಕೊಂಡೆ. ಚೀಲದ ಬಾಯಿ ಬಿಡಿಸಿದೆ. ಚೂರಿ ಹತ್ತಿಯ ಕಟ್ಟಿನ ಕೆಳಗೆ ಹೋಗಿತ್ತು. ಹುಡುಕಿ ತೆಗೆದೆ. ಅಲಗು ಬಿಗಿಯಾಗಿತ್ತು. ಉಗುರು ಸಿಕ್ಕಿಸಿ ಎಳೆಯುವಾಗ ಕೊಡೆ ಬಿತ್ತು. ಅರ್ಧ ತೆರೆದಿರುವಾಗಲೇ ಅವರು ಎರಡು ಹೆಜ್ಜೆ ಮುಂದೆ ಬಂದು, ನನ್ನ ಬೆರಳುಗಳ ನಡುವಿನಿಂದ ಅದನ್ನು ನಿಧಾನವಾಗಿ ಎಳೆದುಕೊಂಡರು.

"ಈಗ ಚೂರಿ ಯಾರ ಕೈಲಿ ಉಂಟು?"

ನನಗೆ ಅಳು ಬಂತು. ಅತ್ತೆ, "ಎಂತಕ್ಕೆ ಹುಡುಗಿಯನ್ನು ಹೆದರಿಸುದು ನೀವು?" ಎಂದು ಗದರಿದರು.

"ಹೆದರಿಸುದಲ್ಲ. ಅವನ ಹತ್ರ ಈಗ ಚೂರಿ ಇಲ್ಲ. ನಾವು ತಗೊಂಡು ಹೋಗಿ ಕೊಟ್ಟ ಹಾಗೆ ಆಗ್ತದೆ, ಅಷ್ಟೆ" ಎಂದರು ಮಾವ. ಆಮೇಲೆ ನನ್ನ ಎದುರು ನೆಲದ ಮೇಲೆ ಕೂತು ಹೇಳಿದರು: "ಕಾನೂನಿನಲ್ಲಿ ಇದಕ್ಕೆ ತೊಂದರೆ ಇಲ್ಲ. ಏಳೇ ಇಂಚು. ಆದರೆ ಇಂಥದ್ದು ಪೊಲೀಸರ ಮೇಜಿನ ಮೇಲೆ ಬಿದ್ದ ದಿವಸ ಯಾರೂ ಅಳತೆಪಟ್ಟಿ ನೋಡುದಿಲ್ಲ, ಚೂರಿ ನೋಡ್ತಾರೆ. ಇದನ್ನು ಹಿಡಿದವಳು ಎಂತಕ್ಕೆ ಹಿಡಿದಿದ್ದಾಳೆ ಅಂತ ಅದೇ ಹೇಳ್ತದೆ. ನಿನ್ನ ಮಾತು ಆಮೇಲೆ."

ಚೂರಿಯನ್ನು ಮಡಚಿ ಬದಿಗಿಟ್ಟು ಕೇಳಿದರು. "ಇದನ್ನು ನೀನು ಅಲ್ಲಿ ಯಾರಿಗೂ ಹೇಳ್ಲಿಲ್ಲ, ಅಲ್ವಾ?"

"ಇಲ್ಲ."

"ಅವನ ಧೈರ್ಯ ಅದೇ."

ಆ ದಿನ ಅವರು ನನಗೆ ಎರಡು ವಸ್ತು ಕೊಟ್ಟರು. ಒಂದನೆಯದು ಮೂರು ಇಂಚಿಗಿಂತ ಕೂದಲೆಳೆ ಹೆಚ್ಚಿನ ಅಲಗಿನ ಮಡಚುವ ಪೀಶಕತ್ತಿ. ಹಲಸಿನ ಮರದ ಹಿಡಿ, ತುದಿಯಲ್ಲಿ ದಾರ ಕಟ್ಟಲು ಒಂದು ಬಳೆ. ಹಗ್ಗ, ಬಟ್ಟೆ, ಬಳ್ಳಿ, ಹಣ್ಣು ಕೊಯ್ಯಲು ಸಾಕು. ಬೇರೆ ಯಾವುದಕ್ಕೂ ಸಾಲದು. ಇನ್ನೊಂದು, ಬಸ್ಸಿನ ಕಂಡಕ್ಟರರು ಊದುವಂಥ ಹಿತ್ತಾಳೆಯ ಸೀಟಿ. ಚೂರಿಗೆ ಬಿಲ್ಲು ಬರೆದರು. ಹೆಸರಿನ ಕೆಳಗೆ 'ಹೆರಿಗೆ ಕೇಂದ್ರದ ನರ್ಸಿನ ಕೆಲಸದ ಉಪಯೋಗಕ್ಕೆ' ಎಂದು ಸೇರಿಸಿ ಸಹಿ ಹಾಕಿದರು.

"ಚೂರಿ ಚೀಲದಲ್ಲಿ ಇರಲಿ. ಸೀಟಿ ಕುತ್ತಿಗೆಯಲ್ಲಿ. ಆದರೆ ಸೀಟಿಗೂ ಕೇಳುವವರು ಬೇಕು. ನಾಳೆ ಹೋಗಿ ಮೊದಲು ಆ ಸಂಕದ ಹತ್ರ ಇರುವ ಮನೆಗಳಿಗೆ ಹೋಗು. ನೀನು ಹೆರಿಗೆ ಮಾಡಿಸಿದ ಮನೆಗಳೇ ಅಲ್ವಾ? ಎಲ್ಲ ಹೇಳು. ಆಮೇಲೆ ಸಂಕದ ಮೇಲೆ ನಿಂತು ಊದು. ಯಾರ್ಯಾರಿಗೆ ಕೇಳ್ತದೆ ನೋಡು."

ಹೇಳುವುದು ಚೂರಿ ಹಿಡಿಯುವುದಕ್ಕಿಂತ ಕಷ್ಟವಾಗಿತ್ತು. ಸಂಕದ ಆಚೆ ಏರಿನಲ್ಲಿ ಒಂದು ಗೌಡರ ಮನೆ. ಮನೆಯಲ್ಲಿ ಅರೆಭಾಷೆ ಎಂಬ ತಮ್ಮದೇ ಕನ್ನಡ ಆಡುವವರು. ಆ ಮನೆಯ ಯಜಮಾನ್ತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಅವರ ಕೊನೆಯ ಮಗು ಕಾಲು ಮುಂದಾಗಿ ಬಂದಾಗ ಅರ್ಧ ದಿನ ನಾವಿಬ್ಬರೂ ಹೋರಾಡಿದ್ದೆವು. ಅವರು ನನ್ನ ಮಾತು ಪೂರ್ತಿ ಕೇಳಿ, "ಇಷ್ಟು ದಿವಸ ಹೊಟ್ಟೆಯಲ್ಲಿ ಇಟ್ಟುಕೊಂಡು ತಿರುಗಿದ್ದಾ ನೀವು?" ಎಂದು ಬೈದರು. ತಾವೇ ಇನ್ನೆರಡು ಮನೆಗೆ ಕರೆದುಕೊಂಡು ಹೋದರು. ಸಂಜೆ ಬಿಸಿಲಿರುವಾಗಲೇ ನಾನು ಸಂಕದ ಮೇಲೆ ನಿಂತು ಸೀಟಿ ಊದಿದೆ. ಮೂರು ಅಂಗಳದಿಂದ ಮೂರು ಹೆಂಗಸರು ಕೂಗಿ ಉತ್ತರ ಕೊಟ್ಟರು.

ಅದಾಗಿ ಹತ್ತು ಹನ್ನೆರಡು ದಿನಕ್ಕೆ ಮೇಸ್ತ್ರಿ ಮತ್ತೆ ಬಂದ. ಜೊತೆಗೆ ಇಬ್ಬರು ಕೂಲಿಯವರೂ ಇದ್ದರು. ಸಂಕಕ್ಕೆ ಅಡ್ಡ ನಿಂತು, ಕೊಡೆ ತಂದು ಕೊಟ್ಟದ್ದಕ್ಕೆ ಏನು ಕೊಡುತ್ತೀ ಎಂದು ಕೇಳಿದ. ನಾನು ಸೀಟಿ ಊದಿದೆ. ಅವನು ನಕ್ಕ. ಎರಡನೆಯ ಸಲ ಊದುವಷ್ಟರಲ್ಲಿ ಅಕ್ಕ ಏರಿನಿಂದ ಇಳಿಯುತ್ತಿದ್ದರು. ಸೊಪ್ಪು ಕೊಯ್ಯುತ್ತಿದ್ದವರು ಹಾಗೆಯೇ ಬಂದದ್ದು, ಕೈಯಲ್ಲಿ ಕತ್ತಿ. ಹಿಂದಿನಿಂದ ಇನ್ನಿಬ್ಬರು, ಅವರಲ್ಲಿ ಒಬ್ಬಾಕೆಯ ಸೊಂಟದಲ್ಲಿ ಮಗು.

"ನಾನು ಎಂತ ಮಾಡಿದೆ?" ಎಂದ ಮೇಸ್ತ್ರಿ.

"ಎಂತ ಮಾಡಿದಿ ಅಂತ ನೀನೇ ಹೇಳು ಮಾರಾಯ. ಕೇಳಲಿಕ್ಕೇ ನಾವು ಬಂದದ್ದು" ಎಂದರು ಅಕ್ಕ, ಮೆತ್ತಗೆ.

ಕೂಲಿಯವರಿಬ್ಬರೂ ಆಗಲೇ ಹಿಂದೆ ಸರಿದಿದ್ದರು. ಅವನೂ ಹೋದ.

ಅಲ್ಲಿಗೆ ಮುಗಿಯಿತೆಂದು ತಿಳಿದಿದ್ದೆ. ಮುಂದಿನ ವಾರ ಕೇಂದ್ರಕ್ಕೆ ಪೊಲೀಸಿನವರೊಬ್ಬರು ಬಂದರು. ನರ್ಸು ದಾರಿಯಲ್ಲಿ ಉದ್ದದ ಚೂರಿ ತೋರಿಸಿ ಕೊಲ್ಲುತ್ತೇನೆಂದು ಬೆದರಿಸಿದ್ದಾಳೆ ಎಂದು ಮೇಸ್ತ್ರಿ ಅರ್ಜಿ ಕೊಟ್ಟಿದ್ದ. ಕೂಲಿಯವರಿಬ್ಬರು ಸಾಕ್ಷಿ. ಸೋಮವಾರ ಚೂರಿ ಸಮೇತ ಪುತ್ತೂರಿನ ಠಾಣೆಗೆ ಬರಬೇಕು. ಕೇಸಾದರೆ ಕೆಲಸ ಹೋಗುತ್ತದೆ. ಅದಕ್ಕಿಂತ ದೊಡ್ಡದೆಂದರೆ, ಚೂರಿ ಹಿಡಿದ ಸೂಲಗಿತ್ತಿಯನ್ನು ಯಾವ ಮನೆಯವರು ಒಳಗೆ ಕರೆಯುತ್ತಾರೆ? ಅಕ್ಕ ಮಾತ್ರ, "ನಾನೂ ಬರ್ತೇನೆ, ಪುತ್ತೂರಿನ ಸಂತೆಯೂ ಆಗ್ತದೆ" ಎಂದು ಬಸ್ಸು ಹತ್ತಿದರು.

ದಾರಿಯಲ್ಲಿ ಮಾವನ ಅಂಗಡಿಗೆ ಹೋದೆವು. ಸಂತೆಯ ದಿನ, ಅಂಗಡಿಯಲ್ಲಿ ಜನ. ಮಾವ ಕೊಡಲಿ ಮಸೆಯುತ್ತಿದ್ದರು. ಗೋಡೆಗೆ ಇನ್ನೂ ಹತ್ತಾರು ಕೊಡಲಿಗಳು ಒರಗಿದ್ದವು. ನಾನು ವಿಷಯ ಹೇಳಿದೆ. ಅವರು ಕೈ ತೊಳೆದು, ಗೂಟದಿಂದ ಅಂಗಿ ತೆಗೆದು ಹಾಕಿಕೊಂಡು, ಬಿಲ್ಲು ಪುಸ್ತಕ ಮತ್ತು ಅಳತೆಪಟ್ಟಿಯನ್ನು ಕಂಕುಳಲ್ಲಿಟ್ಟು ಬಾಗಿಲಿನ ಹಲಗೆ ಹಾಕತೊಡಗಿದರು.

"ಇವತ್ತು ಸೋಮವಾರ" ಎಂದರು ಅತ್ತೆ.

"ಗೊತ್ತುಂಟು."

"ಆ ಕೊಡಲಿಗಳು ಯಾರದ್ದು ಅಂತಲೂ ಗೊತ್ತುಂಟಲ್ಲ?"

"ಅದೂ ಗೊತ್ತುಂಟು" ಎಂದು ಮಾವ ಕೊನೆಯ ಹಲಗೆ ಹಾಕಿದರು.

ಸಬ್ ಇನ್‌ಸ್ಪೆಕ್ಟರು ಘಟ್ಟದ ಮೇಲಿನವರು, ಇನ್ನೂ ಮೂವತ್ತು ದಾಟದವರು. ಅರ್ಜಿ ಓದಿ, "ಏನಮ್ಮಾ, ಸರ್ಕಾರಿ ಕೆಲಸದಲ್ಲಿದ್ದೀರ. ಏನಿದು? ಎಲ್ಲಿ, ಆ ಚಾಕು ತೆಗೀರಿ" ಎಂದರು. ಮೇಸ್ತ್ರಿ ಗೋಡೆಯ ಹತ್ತಿರ ಕೈಕಟ್ಟಿ ನಿಂತಿದ್ದ.

ನಾನು ಚೀಲಕ್ಕೆ ಕೈ ಹಾಕಿದೆ. ಮಾವ ತಡೆದರು. "ಸ್ವಾಮಿ, ಒಂದು ಮಾತು. ತೆಗೆಯುವ ಮೊದಲು ಅವರನ್ನೇ ಕೇಳಿ, ಚೂರಿ ಎಷ್ಟು ಉದ್ದ ಇತ್ತು ಅಂತ."

ಇನ್‌ಸ್ಪೆಕ್ಟರು ಮಾವನನ್ನು ಒಮ್ಮೆ ನೋಡಿ, ಮೇಸ್ತ್ರಿಯತ್ತ ತಿರುಗಿದರು. "ಹೇಳಪ್ಪ, ಎಷ್ಟಿತ್ತು?"

ಮೇಸ್ತ್ರಿ ಮೊಣಕೈಯಿಂದ ಬೆರಳ ತುದಿಯವರೆಗೆ ತೋರಿಸಿದ. "ಇಷ್ಟು. ತುದಿ ಬಗ್ಗಿತ್ತು."

"ಈಗ ತೆಗೆ, ಮಗಳೇ."

ನಾನು ಆ ಪೀಶಕತ್ತಿಯನ್ನು ತೆಗೆದು ಮೇಜಿನ ಮೇಲಿಟ್ಟೆ. ಮಡಚಿದ್ದಾಗ ಅದು ಇನ್‌ಸ್ಪೆಕ್ಟರರ ಮಸಿಕುಡಿಕೆಯಷ್ಟು ಕಾಣುತ್ತಿತ್ತು. ಬಾಗಿಲಲ್ಲಿದ್ದ ಪೊಲೀಸಿನವರು ಕೆಮ್ಮಿದರು. ಮಾವ ಅಲಗು ಬಿಡಿಸಿ ಅಳತೆಪಟ್ಟಿಯ ಪಕ್ಕಕ್ಕೆ ಇಟ್ಟರು, ಬಿಲ್ಲು ಪುಸ್ತಕದ ಪುಟ ತೆರೆದು ತೋರಿಸಿದರು. "ನಾನೇ ಮಾರಿದ್ದು. ಎಂತಕ್ಕೆ ಅಂತ ಕೇಳಿಯೇ ಮಾರಿದ್ದು. ಇದಕ್ಕಿಂತ ದೊಡ್ಡದು ಅವಳು ಕೇಳಿದ್ದಳು. ನಾನು ಕೊಡ್ಲಿಲ್ಲ. ಯಾಕೆ ಕೇಳಿದಳು ಅಂತ ಆ ಮೇಸ್ತ್ರಿಯವರಿಗೆ ಗೊತ್ತುಂಟು."

ದೊಡ್ಡದು ಕೇಳಿದ್ದನ್ನು ಅವರು ಹೇಳಬೇಕಾಗಿರಲಿಲ್ಲ. ಆದರೆ ಆ ಮಾತಿನಿಂದಲೇ ಇನ್‌ಸ್ಪೆಕ್ಟರು ಅರ್ಜಿಯನ್ನು ಕೆಳಗಿಟ್ಟು, ನನ್ನನ್ನು ಕೂರಲು ಹೇಳಿ, ಮೊದಲಿನಿಂದ ಕೇಳತೊಡಗಿದರು. ನಾನು ಕೊಡೆಯ ಸಂಗತಿಯನ್ನೂ ಬಿಡದೆ ಹೇಳಿದೆ. ಅಷ್ಟರಲ್ಲಿ ಅದನ್ನು ಎಷ್ಟೋ ಬಾರಿ ಹೇಳಿಯಾಗಿತ್ತು. ಈ ಸಲ ಧ್ವನಿ ನಡುಗಲಿಲ್ಲ.

"ಹಾಗಾದ್ರೆ ಮೊಳದುದ್ದ, ಬಗ್ಗಿದ ತುದಿ, ಅದೆಲ್ಲಿಂದ ಬಂತು?" ಎಂದರು ಇನ್‌ಸ್ಪೆಕ್ಟರು.

ಅದುವರೆಗೆ ಬೆಂಚಿನ ತುದಿಯಲ್ಲಿ ಸಂತೆಚೀಲ ಹಿಡಿದು ಕೂತಿದ್ದ ಅಕ್ಕ ಎದ್ದು ನಿಂತರು. "ಅದು ನನ್ನದು. ಸೊಪ್ಪು ಕೊಯ್ಯುವ ಕತ್ತಿ. ಸೀಟಿ ಕೇಳಿ ಹಾಗೇ ಓಡಿದ್ದು, ಇಟ್ಟು ಬರಲಿಕ್ಕೆ ಪುರುಸೊತ್ತಿರಲಿಲ್ಲ. ಅದಕ್ಕೂ ಲೈಸೆನ್ಸ್ ಬೇಕಾ?"

"ತೋಟದ ಕೆಲಸದ್ದಕ್ಕೆ ಬೇಡ" ಎಂದರು ಮಾವ, ಇನ್‌ಸ್ಪೆಕ್ಟರರಿಗಿಂತ ಮೊದಲೇ.

ಇನ್‌ಸ್ಪೆಕ್ಟರು ಕೂಲಿಯವರನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆಸಿದರು. ಇಬ್ಬರೂ ಅರ್ಜಿಯಲ್ಲಿ ಏನು ಬರೆದಿದೆ ಎಂದು ಗೊತ್ತಿಲ್ಲದೆ ಹೆಬ್ಬೆಟ್ಟು ಒತ್ತಿದ್ದರು. ಮಧ್ಯಾಹ್ನದೊಳಗೆ ಎಲ್ಲ ಮುಗಿಯಿತು. ಮೇಸ್ತ್ರಿಯಿಂದ ಮುಚ್ಚಳಿಕೆ ಬರೆಸಿಕೊಂಡರು. ತಿಂಗಳೊಳಗೆ ಅವನು ಆ ಕೂಪನ್ನೇ ಬಿಟ್ಟು ಹೋದ. ಇನ್‌ಸ್ಪೆಕ್ಟರು ಪೀಶಕತ್ತಿಯನ್ನು ಮಡಚಿ ನನ್ನ ಕೈಗೆ ಕೊಡುವಾಗ ಮಾವನಿಗೆ, "ನನಗೂ ಒಂದು ಇಂಥದ್ದು ಬೇಕಲ್ಲ ಯಜಮಾನ್ರೇ" ಎಂದರು.

"ಎಂತ ಕೊಯ್ಯಲಿಕ್ಕೆ?" ಎಂದರು ಮಾವ, ಮುಖ ಬದಲಿಸದೆ.

ಮರುತಿಂಗಳು ಹೋದಾಗ ಗೋಡೆಯ ಬದಿ ಖಾಲಿಯಾಗಿತ್ತು. ಕೊಡಲಿಗಳು ಕೂಪಿನ ಕಂಟ್ರಾಕ್ಟರರವು. ಕೊಡಲಿ, ಗರಗಸ, ಸರಪಳಿ ಎಲ್ಲ ಅವರು ಮಾವನಲ್ಲೇ ಕೊಳ್ಳುತ್ತಿದ್ದರಂತೆ. ಠಾಣೆಗೆ ಹೋದ ಮೂರನೆಯ ದಿನ ಗಾಡಿ ಕಳುಹಿಸಿ, ಮಸೆಯದವುಗಳನ್ನೂ ತುಂಬಿಸಿಕೊಂಡು ಹೋಗಿದ್ದರು. ಆಮೇಲೆ ಬರಲೇ ಇಲ್ಲ. ಇದನ್ನು ಹೇಳಿದ್ದು ಅತ್ತೆ. ನಾನು ಮಾವನ ಮುಂದೆ ಹೋಗಿ ನಿಂತೆ.

"ಕೊಡಲಿ ಮಸೆದು ಮಸೆದು ಭುಜ ಬಿದ್ದುಹೋಗಿತ್ತು. ಈಗ ಸ್ವಲ್ಪ ಆರಾಮ" ಎಂದರು ಅವರು. ಆ ವಿಷಯ ಮತ್ತೆ ಎತ್ತಲು ಬಿಡಲಿಲ್ಲ.

ಅವತ್ತೇ ನಾನು ಅಡುಗೆಮನೆಯಲ್ಲಿ ಅತ್ತೆಯನ್ನು ಕೇಳಿದೆ, ಮಾವ ಯಾಕೆ ಎಲ್ಲರನ್ನೂ ಹಾಗೆ ಪ್ರಶ್ನೆ ಮಾಡುತ್ತಾರೆ ಎಂದು. ಅತ್ತೆ ಒಲೆಯ ಬೆಂಕಿ ಸರಿಮಾಡುತ್ತ ಹೇಳಿದರು. ನಾನು ಹುಟ್ಟುವುದಕ್ಕೂ ಮೊದಲಿನ ಮಾತು. ಆಗ ಮಾವ ಎಲ್ಲ ಬಗೆಯ ಚೂರಿ ಮಾರುತ್ತಿದ್ದರಂತೆ. ಒಬ್ಬ ಒಕ್ಕಲು ಬಂದು ಒಂದು ಬಾಕು ತೆಗೆದುಕೊಂಡು ಹೋದ. ಎರಡು ದಿನದ ಮೇಲೆ ಬೇಲಿಯ ಜಗಳದಲ್ಲಿ ತಮ್ಮನನ್ನು ತಿವಿದ. ತಮ್ಮ ಉಳಿಯಲಿಲ್ಲ. ಮಾವನನ್ನು ಸಾಕ್ಷಿಗೆ ಮಂಗಳೂರಿಗೆ ಕರೆಸಿದರು. ಇದು ನೀವು ಮಾರಿದ್ದೇ ಎಂದು ವಕೀಲರು ಕೇಳಿದರು. ಮಾವ ಹೌದೆಂದರು. ಎಂತಕ್ಕೆ ಬೇಕೆಂದು ಕೇಳಿದ್ದಿರಾ ಎಂದರು ವಕೀಲರು. ಇಲ್ಲ, ಅದು ನನ್ನ ಕೆಲಸವಲ್ಲ ಎಂದರು ಮಾವ. ಸರಿ, ಹೋಗಬಹುದು ಎಂದರು.

"ಯಾರೂ ಇವರನ್ನು ತಪ್ಪು ಹೇಳ್ಲಿಲ್ಲ. ಜಡ್ಜಿಯೂ ಹೇಳ್ಲಿಲ್ಲ" ಎಂದರು ಅತ್ತೆ. "ಮನೆಗೆ ಬಂದು ಎರಡು ದಿವಸ ಊಟ ಮಾಡ್ಲಿಲ್ಲ. ಮೂರನೇ ದಿವಸ ಇದ್ದ ಬಾಕುಗಳನ್ನೆಲ್ಲ ಕಮ್ಮಾರನಿಗೆ ಕೊಟ್ಟು ಈಳಿಗೆ, ಸಣ್ಣ ಚೂರಿ ಮಾಡಿಸಿದ್ರು. ನೀನು ತಗೊಂಡದ್ದು ಉಂಟಲ್ಲ, ಆ ಅಲಗು, ಅದೂ ಅದರಲ್ಲೇ ಒಂದರದ್ದೋ ಎಂತೋ."

ಆ ಪೀಶಕತ್ತಿ ನನ್ನ ಜೊತೆ ಅನೇಕ ವರ್ಷ ನಡೆಯಿತು. ಯಾರಿಗೂ ಅದನ್ನು ತೋರಿಸುವ ಸಂದರ್ಭ ಮತ್ತೆ ಬರಲಿಲ್ಲ. ಮಾಡಿದ್ದೆಲ್ಲ ಕೆಲಸವೇ. ಕುಮಾರಧಾರೆಯ ಹತ್ತಿರ ಒಮ್ಮೆ, ಪುತ್ತೂರಿನ ಆಸ್ಪತ್ರೆಗೆಂದು ಬಸುರಿಯನ್ನು ಕರೆದೊಯ್ಯುತ್ತಿದ್ದ ಎತ್ತಿನ ಗಾಡಿ ಹಳ್ಳಕ್ಕೆ ವಾಲಿತು. ಬಿದ್ದ ಎತ್ತು ಏಳಲಾಗದೆ ಒದೆಯುತ್ತ ಗಾಡಿಯನ್ನು ನೀರಿನತ್ತ ಎಳೆಯುತ್ತಿತ್ತು. ನೊಗದ ಹಗ್ಗ ಒದ್ದೆಯಾಗಿ ಬಿಗಿದಿತ್ತು. ಗಾಡಿಯವನು ಗಂಟು ಬಿಚ್ಚಲು ಒದ್ದಾಡುತ್ತಿರುವಾಗ ನಾನು ಕೊಯ್ದೆ. ಎಷ್ಟು ಸಲೀಸಾಗಿ ಕೊಯ್ದಿತೆಂದರೆ ನಮಗಿಬ್ಬರಿಗೂ ಕೂಡಲೇ ತಿಳಿಯಲಿಲ್ಲ. ಎತ್ತು ಎದ್ದು ನಿಂತಿತು, ಗಾಡಿ ನಿಂತಿತು. ಅಷ್ಟು ಹೊತ್ತೂ ಗಾಡಿಯೊಳಗಿದ್ದ ಹೆಂಗಸು ಕೂಗದೆ ನನ್ನ ಸೆರಗು ಹಿಡಿದುಕೊಂಡಿದ್ದಳು. ಮಾವನಿಗೆ ಇದನ್ನು ಹೇಳಿದಾಗ ಅವರು ಕೇಳಿದ್ದು ಒಂದೇ: "ಹಗ್ಗ ತೆಂಗಿನ ನಾರಿನದ್ದಾ, ನೂಲಿನದ್ದಾ?" ತೆಂಗಿನದ್ದು ಎಂದಾಗ ತೃಪ್ತಿಯಿಂದ ತಲೆಯಾಡಿಸಿದರು.

ಅರುವತ್ತರ ದಶಕದ ಕೊನೆಗೆ ಅವರ ಕಣ್ಣಿಗೆ ಪೊರೆ ಬಂತು. ಅಲಗಿನ ಅಂಚು ಕಾಣದಾಯಿತು. ಅಭ್ಯಾಸ ಬಿಡದೆ ಮುಂಗೈಯ ಮೇಲೆ ಎಳೆದು ಎರಡು ಮೂರು ಸಲ ಗಾಯ ಮಾಡಿಕೊಂಡ ಮೇಲೆ ಅತ್ತೆ ಮಸೆಕಲ್ಲನ್ನು ಅಡಗಿಸಿಟ್ಟರು. ಅಂಗಡಿ ಮುಚ್ಚಿತು. ಮಕ್ಕಳಿರಲಿಲ್ಲ, ನಡೆಸುವವರು ಯಾರೂ ಇರಲಿಲ್ಲ. ನಾನು ಹೋದಾಗಲೆಲ್ಲ ಜಗಲಿಯಲ್ಲಿ ಕೂತು, ಯಾವ ಮನೆಯಲ್ಲಿ ಎಷ್ಟನೆಯ ಹೆರಿಗೆ, ಗಂಡೋ ಹೆಣ್ಣೋ, ತಾಯಿ ಎದ್ದು ಓಡಾಡುತ್ತಾಳೋ ಎಂದು ವಿವರವಾಗಿ ಕೇಳುತ್ತಿದ್ದರು. ಅವರಿಗೆ ಆ ಮನೆಗಳ ಒಬ್ಬರ ಪರಿಚಯವೂ ಇರಲಿಲ್ಲ.

ಮಾವ ತೀರಿಹೋದ ಸುದ್ದಿ ನನಗೆ ತಲುಪಿದ್ದು ಬಸ್ಸಿನವರ ಕೈಯಲ್ಲಿ ಬಂದ ಚೀಟಿಯಿಂದ. ಆಗ ನಾನು ಕೊಯಿಲದ ಹತ್ತಿರ ಒಂದು ಚೊಚ್ಚಲ ಹೆರಿಗೆಯ ನಡುವೆ ಇದ್ದೆ. ಹುಡುಗಿ ನನ್ನ ಕೈ ಬಿಡುತ್ತಿರಲಿಲ್ಲ. ಚೀಟಿಯನ್ನು ಓದಿ ಮಡಚಿ ಇಟ್ಟು ಕೆಲಸಕ್ಕೆ ಹಿಂದಿರುಗಿದೆ. ಮಗು ಹುಟ್ಟಿ, ಸ್ನಾನವಾಗಿ, ತಾಯಿ ನಿದ್ದೆಹೋದ ಮೇಲೆ ಹೊರಟೆ. ಮರುದಿನ ಬೆಳಿಗ್ಗೆ ಪುತ್ತೂರು ಮುಟ್ಟುವಾಗ ಎಲ್ಲ ಮುಗಿದಿತ್ತು. ಅತ್ತೆ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದರು. ಪಕ್ಕದ ಮನೆಯವರು ಅಂಗಳ ತೊಳೆಯುತ್ತಿದ್ದರು.

"ಬರಲಿಕ್ಕೆ ಆಗ್ಲಿಲ್ಲ ಅತ್ತೆ" ಎಂದೆ.

"ಹೆರಿಗೆ ಆಯ್ತಾ?"

"ಆಯ್ತು. ಹೆಣ್ಣು."

"ಇಬ್ಬರೂ ಹುಷಾರಾ?"

"ಹುಷಾರು."

"ಹಾಗಾದ್ರೆ ಸರಿ. ಅವರು ಇದ್ದಿದ್ರೆ ಅದನ್ನೇ ಕೇಳ್ತಿದ್ರು."

ನಾನು ಅವರ ಪಕ್ಕದಲ್ಲಿ ಕೂತೆ. ಅವತ್ತು ಅತ್ತೆಗೆ, ಅದುವರೆಗೆ ಯಾರಿಗೂ ಹೇಳದ ಒಂದು ಮಾತು ಹೇಳಿದೆ. ದೊಡ್ಡ ಚೂರಿ ಕೇಳಲು ಮೊದಲ ಸಲ ಅಂಗಡಿಗೆ ಬಂದ ದಿನ, ನನ್ನ ಚೀಲದಲ್ಲಿ ವರದಿಯ ಜೊತೆ ರಾಜೀನಾಮೆಯ ಕಾಗದವೂ ಇತ್ತು. ಚೂರಿ ಸಿಗದಿದ್ದರೆ ಅದನ್ನು ಕೊಟ್ಟು, ಸಂಜೆಯ ಬಸ್ಸಿನಲ್ಲಿ ಸುಳ್ಯಕ್ಕೆ ಹೋಗಿಬಿಡುವುದೆಂದು ನಿಶ್ಚಯಿಸಿದ್ದೆ. ಅದನ್ನು ಮಾವನಿಗೆ ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡೆ, ನಾಚಿಕೆಯಾಗಿ ಹೇಳಲಿಲ್ಲ. ಅತ್ತೆ ನನ್ನ ಕೈಯನ್ನು ತೆಗೆದು ತಮ್ಮ ಮಡಿಲಲ್ಲಿ ಇಟ್ಟುಕೊಂಡರು.

ನಿವೃತ್ತಿಯಾಗುವವರೆಗೆ ನಾನು ಅದೇ ಕೆಲಸದಲ್ಲಿದ್ದೆ, ಹೆಚ್ಚಿನ ವರ್ಷ ಅದೇ ದಾರಿಗಳಲ್ಲಿ. ನನ್ನ ಕೈಗೆ ಬಂದ ಮಕ್ಕಳಲ್ಲಿ ಕೆಲವರು ಈಗ ಅಜ್ಜ ಅಜ್ಜಿಯರಾಗಿದ್ದಾರೆ. ಕಡಬದ ಬಸ್ಸಿನಲ್ಲಿ ಯಾರಾದರೂ ಎದ್ದು ನನಗೆ ಸೀಟು ಕೊಟ್ಟು, "ನಾನು ಹುಟ್ಟಿದ್ದು ನಿಮ್ಮ ಕೈಯಲ್ಲಂತೆ" ಎಂದು ನಾಚಿಕೊಂಡು ಹೇಳುವುದುಂಟು. ಅವರು ನನಗೆ ಕೈಮುಗಿಯುತ್ತಾರೆ. ಕೈಮುಗಿಯಬೇಕಾದ ಇನ್ನೊಬ್ಬರಿದ್ದರೆಂದು ಅವರಿಗೆ ಗೊತ್ತಿಲ್ಲ.